ಎದೆಯ ಕಾಯಿಲೆಗೆ ಕಾಲಿನ ಮದ್ದು

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರ ಡಿಸ್ಚಾರ್ಜ್ ಸಮರಿಯನ್ನು ಕೊನೆಯ ಸಾಲಿನವರೆಗೂ ಓದುವವರು ಕಡಿಮೆ. ಓದಿ ನೋಡಬೇಕು. ಮಾತ್ರೆಗಳ ಪಟ್ಟಿಯಲ್ಲಿ ಗೊಂದಲಕ್ಕೆ ಎಡೆಯೇ ಇರುವುದಿಲ್ಲ: ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, 1-0-1 ಅಥವಾ 0-0-1, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ. ಅದೆಲ್ಲ ಮುಗಿದ ಮೇಲೆ ಹಾಳೆಯ ಬುಡದಲ್ಲಿ ‘ರೆಗ್ಯುಲರ್ ಎಕ್ಸರ್‌ಸೈಜ್’ ಎಂಬ ಎರಡು ಪದ. ಅನೇಕ ಸಲ ಅದರ ಬೆನ್ನಿಗೇ ‘ಅವಾಯ್ಡ್ ಸ್ಟ್ರೆನ್ಯುಯಸ್ ಆಕ್ಟಿವಿಟಿ’. ವ್ಯಾಯಾಮ ಮಾಡಿ, ಆದರೆ ಶ್ರಮಪಡಬೇಡಿ. ಎಷ್ಟು ನಡೆಯಬೇಕು, ಯಾವ ವೇಗದಲ್ಲಿ, ಎಂದಿನಿಂದ, ಎಲ್ಲಿ ನಿಲ್ಲಿಸಬೇಕು, ಮುಂದಿನ ವಾರ ಎಷ್ಟು ಏರಿಸಬೇಕು, ಇವೆಲ್ಲ ರೋಗಿಯ ಊಹೆಗೆ ಬಿಟ್ಟದ್ದು. ಊಹೆ ಯಾವಾಗಲೂ ಭಯದ ಕಡೆಗೇ ವಾಲುತ್ತದೆ. ಮನೆಯವರ ಊಹೆಯಂತೂ ಇನ್ನೂ ಹೆಚ್ಚು.

ಹೃದಯ ಮತ್ತು ಶ್ವಾಸಕೋಶದ ಗಂಭೀರ ಕಾಯಿಲೆಯಿಂದ ಎದ್ದವರ ಪುನಶ್ಚೇತನದ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳು ಚಲಾವಣೆಯಲ್ಲಿವೆ. ಒಂದು ಹಳೆಯದು: ವಿಶ್ರಾಂತಿಯೇ ಮದ್ದು. ಇನ್ನೊಂದು ಓದಿದವರದು, ಆರೋಗ್ಯ ಅಂಕಣಗಳದು: ದಿನಕ್ಕೆ ಅರ್ಧ ಗಂಟೆ ನಡಿಗೆ, ಒಂದಷ್ಟು ಪ್ರಾಣಾಯಾಮ, ಎಣ್ಣೆ-ಉಪ್ಪು ಕಡಿಮೆ, ಮನೋಬಲ ಗಟ್ಟಿ. ಮೊದಲನೆಯದನ್ನು ಬೈಯುವುದು ಸುಲಭ, ಎಲ್ಲರೂ ಬೈಯುತ್ತಾರೆ. ನನ್ನ ಜಗಳ ಹೆಚ್ಚಾಗಿ ಎರಡನೆಯದರ ಜೊತೆಗೆ. ಅದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಒಂದು ಚಿಕಿತ್ಸೆಯನ್ನು ಹಿತವಚನದ ಮಟ್ಟಕ್ಕೆ ಇಳಿಸಿ, ಅದನ್ನು ಕೊಡುವ ಹೊಣೆಯಿಂದ ಆಸ್ಪತ್ರೆಗಳನ್ನು ಪಾರು ಮಾಡಿದೆ ಎಂಬುದು ನನ್ನ ಆರೋಪ. ಪುನಶ್ಚೇತನಕ್ಕೆ ಮೊದಲು ಪರೀಕ್ಷೆ ಇದೆ, ಆಮೇಲೆ ಡೋಸ್ ಇದೆ, ಡೋಸ್ ಏರಿಸುವ ಕ್ರಮವಿದೆ, ಅಡ್ಡಪರಿಣಾಮವಿದೆ, ಕೊಡಬಾರದವರ ಪಟ್ಟಿಯೂ ಇದೆ. ಇಷ್ಟೆಲ್ಲ ಇರುವುದನ್ನು ಸಲಹೆ ಎಂದು ಕರೆಯುವುದಾದರೆ ಇನ್ಸುಲಿನ್ನನ್ನೂ ಸಲಹೆ ಎಂದೇ ಕರೆಯಬಹುದು.

ವಿಶ್ರಾಂತಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಎದೆಶೂಲೆಯನ್ನು ಮೊದಲು ಸ್ಪಷ್ಟವಾಗಿ ಬಣ್ಣಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್, ದಿನಾ ಅರ್ಧ ಗಂಟೆ ಕಟ್ಟಿಗೆ ಕೊಯ್ಯುವ ಕೆಲಸ ಹಚ್ಚಿಕೊಂಡು ಹೆಚ್ಚುಕಡಿಮೆ ಗುಣವಾದ ರೋಗಿಯೊಬ್ಬನನ್ನು 18ನೇ ಶತಮಾನದಲ್ಲೇ ದಾಖಲಿಸಿದ್ದ. ಆ ಸಾಲನ್ನು ವೈದ್ಯಲೋಕ ಮರೆಯಿತು. 20ನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರಿಗೆ ವಾರಗಟ್ಟಲೆ ಹಾಸಿಗೆಯೇ ಚಿಕಿತ್ಸೆಯಾಗಿತ್ತು. ಬಾಸ್ಟನ್‌ನಲ್ಲಿ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಸುದ್ದಿ. ನಡೆಸಿದ್ದಲ್ಲ, ಬರೀ ಕೂರಿಸಿದ್ದು. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದಾಗ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಕರೆಸಿ ಅಳೆದರು. ಮೂವತ್ತು ವರ್ಷದ ವಯಸ್ಸು ಕಸಿದದ್ದಕ್ಕಿಂತ ಮೂರು ವಾರದ ಹಾಸಿಗೆ ಹೆಚ್ಚು ಕಸಿದಿತ್ತು. ಐವರೇ ಐವರು, ನಿಜ. ಆದರೆ ಈಗ ಐಸಿಯುಗಳಲ್ಲಿ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆಯುವವರು ಕಾಣುವುದೂ ಅದನ್ನೇ. 2013ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನವೊಂದರಲ್ಲಿ ತೀವ್ರ ಅಸ್ವಸ್ಥರ ತೊಡೆಯ ಮುಂಭಾಗದ ಸ್ನಾಯು ಹತ್ತೇ ದಿನದಲ್ಲಿ ಸುಮಾರು 18% ಕರಗಿತ್ತು.

ಈ ಚರಿತ್ರೆಯಲ್ಲಿ ನಮ್ಮ ಪಕ್ಕದ ಊರಿನದೇ ಒಂದು ಅಧ್ಯಾಯವಿದೆ. ನಮ್ಮವರು ಅದನ್ನು ನೆನೆಯುವುದು ಕಡಿಮೆ. ಕ್ಷಯಕ್ಕೆ ಒಳ್ಳೆಯ ಗಾಳಿ, ಹಾಲು-ಮೊಟ್ಟೆ, ತಿಂಗಳುಗಟ್ಟಲೆ ಮಲಗುವುದು ಎಂದು ನಂಬಿದ್ದ ಕಾಲದಲ್ಲಿ, 1956ರಲ್ಲಿ, ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರ ಒಂದು ಧೈರ್ಯದ ಪ್ರಯೋಗಕ್ಕಿಳಿಯಿತು. ಬಡ ರೋಗಿಗಳಲ್ಲಿ ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದು ಗುಂಪಿಗೆ ಅದೇ ಮಾತ್ರೆಗಳೊಂದಿಗೆ ತಮ್ಮ ಇಕ್ಕಟ್ಟಿನ ಮನೆ. ಮನೆಯಲ್ಲಿದ್ದವರ ಊಟ ಕಳಪೆ, ವಿಶ್ರಾಂತಿ ಕಡಿಮೆ, ಓಡಾಟ ಹೆಚ್ಚು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಗುಣವಾಗಿದ್ದವು. 1959ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನ ಸ್ಯಾನಟೋರಿಯಂಗಳ ಬುಡ ಅಲ್ಲಾಡಿಸಿತು. ವ್ಯಾಯಾಮ ಒಳ್ಳೆಯದೆಂದು ಇದು ಸಾಬೀತು ಮಾಡಲಿಲ್ಲ, ಅಷ್ಟು ಎಳೆಯುವುದು ತಪ್ಪು. ಪವಿತ್ರವೆಂದು ನಂಬಿದ್ದ ವಿಶ್ರಾಂತಿ ಔಷಧಿಗೆ ಏನನ್ನೂ ಕೂಡಿಸುತ್ತಿರಲಿಲ್ಲ ಎಂದಷ್ಟೇ ತೋರಿಸಿತು.

ಅದಕ್ಕೂ ಅರ್ಧ ಶತಮಾನ ಮುಂಚೆ ಇಂಗ್ಲೆಂಡಿನ ಫ್ರಿಮ್ಲಿ ಸ್ಯಾನಟೋರಿಯಂನಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯ ಕ್ಷಯರೋಗಿಗಳಿಗೆ ದುಡಿಮೆಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಬರೆದುಕೊಡುತ್ತಿದ್ದ. ಮೊದಲು ಇಷ್ಟು ದೂರದ ನಡಿಗೆ, ಅದು ಸಲೀಸಾದರೆ ಮಣ್ಣಿನ ಬುಟ್ಟಿ ಹೊರುವುದು, ಆಮೇಲೆ ಸಣ್ಣ ಸಲಿಕೆ, ಆಮೇಲೆ ದೊಡ್ಡದು. ಜ್ವರ ಏರಿದರೆ ಮತ್ತೆ ಹಾಸಿಗೆ. ಅವನ ಸಿದ್ಧಾಂತದಲ್ಲಿ ಬಹಳಷ್ಟು ಈಗ ಉಳಿದಿಲ್ಲ. ಆದರೆ ಆ ಏಣಿಯಲ್ಲಿದ್ದ ಶಿಸ್ತು ನಮ್ಮ ಇಂದಿನ ‘ರೆಗ್ಯುಲರ್ ಎಕ್ಸರ್‌ಸೈಜ್’ನಲ್ಲಿ ಇಲ್ಲ.

ಇನ್ನು ಮುಖ್ಯ ವಿಷಯ. ಶ್ವಾಸಕೋಶದ ಪುನಶ್ಚೇತನ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಉಸಿರು: ಮೂರು ಚೆಂಡಿನ ಆ ಪ್ಲಾಸ್ಟಿಕ್ ಸಾಧನ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಅನುಲೋಮ ವಿಲೋಮ. ಕೋವಿಡ್ ಈ ಮೂರನ್ನೂ ಮನೆಮನೆಗೆ ತಲುಪಿಸಿತು. ಚೆಂಡಿನ ಸಾಧನವನ್ನು ಉಸಿರೆಳೆದು ಬಳಸಬೇಕೆಂದೂ ತಿಳಿಯದೆ ಊದುತ್ತಿದ್ದವರು ಎಷ್ಟು ಜನ! ಸರಿಯಾಗಿ ಬಳಸಿದರೂ ಅದರ ಗುಣ ಸಂದೇಹಾಸ್ಪದವೇ. ಬೈಪಾಸ್ ನಂತರವಾಗಲಿ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರವಾಗಲಿ ಶ್ವಾಸಕೋಶದ ತೊಡಕುಗಳನ್ನು ಅದು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲವೆಂದು, ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಮೀಕ್ಷೆಗಳು ಹೇಳಿ ಹತ್ತು ವರ್ಷವಾಯಿತು.

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಹೆಂಗಸೊಬ್ಬರನ್ನು ಕಲ್ಪಿಸಿಕೊಳ್ಳಿ. ಬೀಡಿ-ಸಿಗರೇಟು ಮುಟ್ಟಿದವರಲ್ಲ, ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದವರು. ಹಾಳಾದ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ. ಎಂಟು ವಾರದ ಪುನಶ್ಚೇತನ ಮುಗಿಸಿದ ಮೇಲೆ ಸ್ಪೈರೋಮೆಟ್ರಿ ಮಾಡಿದರೆ ಒಂದು ಸೆಕೆಂಡಿನಲ್ಲಿ ಅವರು ಹೊರದಬ್ಬುವ ಗಾಳಿ ಮೊದಲಿನಷ್ಟೇ ಇರುತ್ತದೆ. ಆದರೂ ಅವರು ಹೆಚ್ಚು ದೂರ ನಡೆಯುತ್ತಾರೆ, ಕಡಿಮೆ ಏದುತ್ತಾರೆ. ಇದು ಹೇಗೆ? ಬದಲಾದದ್ದು ಕಾಲು. ಏದುಸಿರಿಗೆ ಹೆದರಿ ಅವರು ಓಡಾಟ ಕಡಿಮೆ ಮಾಡಿದ್ದರು. ಓಡಾಟ ಕಡಿಮೆಯಾದಂತೆ ತೊಡೆಯ ಸ್ನಾಯು ಸೊರಗಿತ್ತು. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಅದನ್ನು ಸರಿದೂಗಿಸಲು ದೇಹ ಇನ್ನೂ ಹೆಚ್ಚು ಉಸಿರು ಕೇಳುತ್ತದೆ, ಕೊಡಲು ಶ್ವಾಸಕೋಶದಲ್ಲಿ ತಾಕತ್ತಿಲ್ಲ. ಹಾಗಾಗಿ ಮತ್ತಷ್ಟು ದಮ್ಮು, ಮತ್ತಷ್ಟು ಭಯ, ಮತ್ತಷ್ಟು ಕೂರುವುದು. ಕಾಲಿಗೆ ತರಬೇತಿ ಕೊಟ್ಟರೆ ಸ್ನಾಯುವಿನೊಳಗಿನ ಮೈಟೊಕಾಂಡ್ರಿಯ ಚುರುಕಾಗುತ್ತವೆ, ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕಾಗುತ್ತದೆ. ಖರ್ಚು ಇಳಿದರೆ ಇದ್ದ ಆದಾಯದಲ್ಲೇ ಸಂಸಾರ ಸಾಗುತ್ತದಲ್ಲ, ಹಾಗೆ. ಹೃದಯ ಸೋತವರಲ್ಲೂ ತರಬೇತಿಯ ಲಾಭದ ಬಹುಪಾಲು ಹೃದಯದ ಹೊರಗೆ, ಸ್ನಾಯು ಮತ್ತು ರಕ್ತನಾಳಗಳಲ್ಲೇ ಆಗುವುದು.

ಹೀಗಿರುವಾಗ ಕುಳಿತಲ್ಲೇ ಮಾಡುವ ಉಸಿರಾಟದ ವ್ಯಾಯಾಮವನ್ನೇ ಪುನಶ್ಚೇತನವೆಂದು ಒಪ್ಪಿಸುವುದು ರೋಗಿಗೆ ಮಾಡುವ ಮೋಸ. ಮಾತು ಕಟುವಾಯಿತು, ಗೊತ್ತು. ನಿಧಾನವಾಗಿ, ತುಟಿ ಕಿರಿದಾಗಿಸಿ ಉಸಿರು ಬಿಡುವುದರಿಂದ ದಮ್ಮು ಹತ್ತಿದ ಹೊತ್ತಿನಲ್ಲಿ ಉಪಯೋಗವಿದೆ, ಪ್ರಾಣಾಯಾಮದಿಂದ ಮನಸ್ಸಿಗೆ ಸಿಗುವ ನೆಮ್ಮದಿಯೂ ಸಣ್ಣದಲ್ಲ. ಆದರೆ ಸಿಒಪಿಡಿಯವರಿಗೆ ಟಿವಿ ನೋಡಿ ಭಸ್ತ್ರಿಕ, ಕಪಾಲಭಾತಿ ಕಲಿಸುವವರಿಗೆ ಒಂದು ವಿಷಯ ತಿಳಿದಿರಬೇಕು. ಈ ಕಾಯಿಲೆಯ ಮೂಲ ಕಷ್ಟವೇ ಗಾಳಿ ಪೂರ್ತಿ ಹೊರಹೋಗದಿರುವುದು. ವೇಗವಾಗಿ ಉಸಿರಾಡಿದಷ್ಟೂ ಹೊರಬಿಡಲು ಸಿಗುವ ಸಮಯ ಕಡಿಮೆಯಾಗಿ, ಗಾಳಿ ಒಳಗೇ ಸಿಕ್ಕಿಕೊಂಡು ಎದೆ ಇನ್ನಷ್ಟು ಉಬ್ಬುತ್ತದೆ. ಅವರ ದಿನದ ಕಷ್ಟಗಳನ್ನು ಕೇಳಿದರೆ ಬೇರೆಯದೇ ಪಟ್ಟಿ ಸಿಗುತ್ತದೆ: ಬಚ್ಚಲಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಳ್ಳುವುದು, ಬಟ್ಟೆ ಒಣಹಾಕುವುದು, ತಲೆ ಬಾಚುವುದು. ಕೈ ಎತ್ತಿ ಮಾಡುವ ಕೆಲಸಗಳಲ್ಲಿ ಭುಜದ, ಕತ್ತಿನ ಸ್ನಾಯುಗಳು ಉಸಿರಾಟಕ್ಕೆ ಒದಗದೆ ಹೋಗುತ್ತವೆ. ಹಾಗಾಗಿ ತರಬೇತಿ ತೋಳಿಗೂ ಬೇಕು. ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ಕುರ್ಚಿಯಲ್ಲಿ ಕೂತವರಿಗೆ 96 ತೋರಿಸುತ್ತದೆ. ಮೆಟ್ಟಿಲ ಮೇಲೆ ಅದು ಎಷ್ಟಾಗುತ್ತದೆ ಎಂಬುದೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರಿಸುವ ಪರೀಕ್ಷೆ ನಮ್ಮ ಜನಕ್ಕೆ ಅಪರಿಚಿತವಲ್ಲ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿದ್ದವರಿಗೆ ಆರು ನಿಮಿಷ ನಡೆದು ಆಮ್ಲಜನಕ ನೋಡಿಕೊಳ್ಳಿ ಎಂದು ಹೇಳಿದ್ದು ನೆನಪಿರಬಹುದು. ಆಗ ಅದು ಬರೀ ಅಪಾಯದ ಗಂಟೆಯಾಗಿತ್ತು. ಪುನಶ್ಚೇತನದಲ್ಲಿ ಅದೇ ಆರು ನಿಮಿಷದ ನಡಿಗೆ ಅಳತೆಗೋಲು. 30 ಮೀಟರ್ ಉದ್ದದ ಕಾರಿಡಾರ್, ಎರಡು ತುದಿಗೆ ಎರಡು ಗುರುತು, ಒಂದು ಗಡಿಯಾರ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು, ಎಲ್ಲಿ ನಿಂತರು, ಆಮ್ಲಜನಕ ಎಷ್ಟಕ್ಕಿಳಿಯಿತು, ದಮ್ಮು ಎಷ್ಟೆಂದು ಅವರೇ ಅಂಕ ಕೊಟ್ಟರು. ಇದರಿಂದ ಡೋಸ್ ಸಿಗುತ್ತದೆ: ಇಂಥವರು ಈ ವೇಗದಲ್ಲಿ ಇಷ್ಟು ಹೊತ್ತು. ಎಂಟು ವಾರದ ನಂತರ ಸುಮಾರು 30 ಮೀಟರ್ ಹೆಚ್ಚಿದರೆ ರೋಗಿಗೆ ಅನುಭವಕ್ಕೆ ಬರುವ ಸುಧಾರಣೆ ಎಂದು ಲೆಕ್ಕ.

ಲಾಲ್‌ಬಾಗಿನಲ್ಲಿ ಬೆಳಗ್ಗೆ ಗೆಳೆಯರ ಜೊತೆ ರಾಜಕೀಯ ಮಾತಾಡುತ್ತ ಹಾಕುವ ಸುತ್ತು ಸಂತೋಷದ್ದು. ಅದನ್ನು ಬಿಡಿ ಎನ್ನಲಾರೆ. ಆದರೆ ಆರು ತಿಂಗಳಿಂದ ಅದೇ ಸುತ್ತು, ಅದೇ ವೇಗ, ಕೊನೆಗೆ ಅದೇ ಇಡ್ಲಿ-ವಡೆ ಆಗಿದ್ದರೆ ದೇಹ ಹೊಸದಾಗಿ ಕಲಿಯಲು ಅಲ್ಲಿ ಏನೂ ಉಳಿದಿಲ್ಲ. ಇನ್ನೊಂದು ತುದಿಯಲ್ಲಿ ಮೊಬೈಲ್ ಆಪ್ ನಂಬಿದವರಿದ್ದಾರೆ. 220ರಿಂದ ವಯಸ್ಸು ಕಳೆದು ಗುರಿ ನಾಡಿಬಡಿತ ಲೆಕ್ಕ ಹಾಕುವವರು. ಹೃದಯಾಘಾತವಾದ ಅನೇಕರು ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುತ್ತಿರುತ್ತಾರೆ. ಆ ಮಾತ್ರೆಯ ಕೆಲಸವೇ ನಾಡಿ ಏರದಂತೆ ತಡೆಯುವುದು. ಸೂತ್ರ ಹೇಳಿದ ಸಂಖ್ಯೆಯ ಬೆನ್ನು ಹತ್ತಿದರೆ ಅವರು ಮಿತಿ ಮೀರಿ ದಣಿಯುತ್ತಾರೆ. ಇದನ್ನು ಮೊದಲ ದಿನವೇ ಹೇಳಬೇಕಾದ ಫಿಸಿಯೋಥೆರಪಿಸ್ಟ್ ಆ ವಾರ್ಡಿನಲ್ಲಿ ಇಲ್ಲ, ಅಥವಾ ಇದ್ದರೂ ಬೆನ್ನು ತಟ್ಟಿ ಕಫ ತೆಗೆಸುವುದಕ್ಕಷ್ಟೇ ಅವರನ್ನು ಕರೆಯುತ್ತಾರೆ.

ಬೈಪಾಸ್ ಆದ ರೈತನ ಉದಾಹರಣೆ ಇನ್ನೂ ಸ್ಪಷ್ಟ. ಸೀಳಿದ ಎದೆಮೂಳೆ ಕೂಡಿಕೊಳ್ಳುವ ಎರಡು ಮೂರು ತಿಂಗಳು ಭಾರ ಎತ್ತಬಾರದು ಎನ್ನುವುದು ಸರಿಯಾದ ಎಚ್ಚರಿಕೆ. ನಿಷೇಧ ಹೇರಿದವರು ಅದನ್ನು ತೆಗೆದ ದಿನವನ್ನೂ ಹೇಳಬೇಕಲ್ಲ? ಹೇಳುವುದಿಲ್ಲ. ಐದು ವರ್ಷದ ನಂತರವೂ ಆತ ಒಂದು ಮೂಟೆ ಮುಟ್ಟುವುದಿಲ್ಲ, ಮಗ ಮುಟ್ಟಗೊಡುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಪಾಸಾದದ್ದು ಗುದ್ದಲಿ ಹಿಡಿಯಲು ಧೈರ್ಯ ಕೊಡುವುದೂ ಇಲ್ಲ, ಯಾಕೆಂದರೆ ಆ ಪರೀಕ್ಷೆ ಅಳೆದದ್ದು ನಡಿಗೆಯನ್ನು. ಎತ್ತುವ, ಬಾಗುವ, ಉಸಿರು ಬಿಗಿಹಿಡಿಯದೆ ಹೊರುವ ಅಭ್ಯಾಸವನ್ನು ಐದು ಕಿಲೋದಿಂದ ಶುರುಮಾಡಿ ಏರಿಸಿ ಕೊಡುವವರು ಬೇಕಿತ್ತು. ಗುತ್ತಿಗೆಗೆ ಹೋದ ಹೊಲ ಯಾವ ಆಸ್ಪತ್ರೆಯ ಯಶಸ್ಸಿನ ಲೆಕ್ಕದಲ್ಲೂ ಬರುವುದಿಲ್ಲ.

ಭಯಕ್ಕೆ ಕಾರಣವಿದೆಯಲ್ಲ ಎನ್ನುವವರಿದ್ದಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಕರ್ನಾಟಕ ಕಲಿತುಕೊಂಡ ಪಾಠ ‘ಜಿಮ್ ಅಪಾಯ’ ಎಂಬುದು. 2025ರಲ್ಲಿ ಹಾಸನದ ಸರಣಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಗುರುತಿಲ್ಲದ ಕಾಯಿಲೆ ಹೊತ್ತು ಏಕಾಏಕಿ ತೀವ್ರ ಶ್ರಮಕ್ಕಿಳಿಯುವುದು ಬೇರೆ, ಕಾಯಿಲೆ ಪತ್ತೆಯಾಗಿ ಮಾತ್ರೆಯ ಮೇಲಿರುವವರಿಗೆ ಅಳೆದು ಕೊಡುವ ವ್ಯಾಯಾಮ ಬೇರೆ. ಅಮೆರಿಕದ ನೂರಕ್ಕೂ ಹೆಚ್ಚು ಪುನಶ್ಚೇತನ ಕೇಂದ್ರಗಳ ದಾಖಲೆಯಿಂದ 1986ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮೇಲ್ವಿಚಾರಣೆಯ ವ್ಯಾಯಾಮದಲ್ಲಿ ಸುಮಾರು 1,12,000 ರೋಗಿ-ಗಂಟೆಗಳಿಗೆ ಒಂದು ಹೃದಯಸ್ತಂಭನ. ಸ್ತಂಭನವಾದವರಲ್ಲೂ ಬಹುತೇಕರನ್ನು ಅಲ್ಲೇ ಉಳಿಸಿಕೊಂಡರು. ಕೂತೇ ಇರುವುದರ ಅಪಾಯಕ್ಕೆ ಹೀಗೆ ಗಂಟೆ ಲೆಕ್ಕ ಇಡುವವರಿಲ್ಲ, ಅದು ಸುದ್ದಿಯಾಗುವುದೂ ಇಲ್ಲ.

ಈಗ ನನ್ನದೇ ಪಾಳೆಯದವರಿಗೆ ನಾಲ್ಕು ಮಾತು. ಪುನಶ್ಚೇತನವನ್ನು ಪ್ರೀತಿಸುವವರು ಅದನ್ನು ಮಾರಲು ಸಾವಿನ ಲೆಕ್ಕ ಹಿಡಿದುಕೊಂಡು ಹೊರಟದ್ದು ದೊಡ್ಡ ತಪ್ಪು. ‘ಆಯುಷ್ಯ ಹೆಚ್ಚುತ್ತದೆ’ ಎಂಬ ಘೋಷಣೆಗೆ ಪುರಾವೆ ನಾವು ಹೇಳಿಕೊಂಡಷ್ಟು ಗಟ್ಟಿಯಿಲ್ಲ. ಹೃದಯದ ಪುನಶ್ಚೇತನದ 63 ಪ್ರಯೋಗಗಳನ್ನು ಒಟ್ಟು ಮಾಡಿದ 2016ರ ಕೊಕ್ರೇನ್ ಸಮೀಕ್ಷೆಯಲ್ಲಿ ಹೃದಯ ಸಂಬಂಧಿ ಸಾವು ಮತ್ತು ಮರುದಾಖಲಾತಿ ಇಳಿದಿದ್ದವು, ಒಟ್ಟು ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಮುಂಚೆ 2012ರಲ್ಲಿ ಬ್ರಿಟನ್ನಿನ 14 ಆಸ್ಪತ್ರೆಗಳ 1,813 ರೋಗಿಗಳ ಪ್ರಯೋಗವೊಂದು, ಎರಡು ವರ್ಷದಲ್ಲಿ ಸಾವಿನಲ್ಲಿ ಯಾವ ಬದಲಾವಣೆಯೂ ಇಲ್ಲವೆಂದು ಹೇಳಿತ್ತು. ಅಲ್ಲಿ ಕೊಟ್ಟ ವ್ಯಾಯಾಮ ತೀರಾ ಕಡಿಮೆಯಿತ್ತು ಎಂದು ನಮ್ಮವರು ಸಮಜಾಯಿಷಿ ಕೊಟ್ಟರು. ಇರಬಹುದು, ಡೋಸ್ ಮುಖ್ಯ ಎನ್ನುವ ನನಗೆ ಆ ಉತ್ತರ ಹಿಡಿಸುತ್ತದೆ ಕೂಡ. ಆದರೆ ಹಿಡಿಸುವ ಉತ್ತರವನ್ನು ಅನುಮಾನದಿಂದ ನೋಡುವುದೇ ವಿಮರ್ಶೆಯ ಮರ್ಯಾದೆ. ಸ್ಟೆಂಟ್, ಸ್ಟ್ಯಾಟಿನ್ ಇಲ್ಲದ ಕಾಲದ ಹಳೆಯ ಪ್ರಯೋಗಗಳ ಫಲವನ್ನು ಇಂದಿನ ರೋಗಿಗೆ ಹಾಗೇ ಭರವಸೆ ಕೊಡುವಂತಿಲ್ಲ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವನ್ನೂ ನಮ್ಮವರು ಆಗಾಗ ಝಳಪಿಸುತ್ತಾರೆ. ಸ್ಥಿರವಾದ ಎದೆನೋವಿನ 101 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಸ್ಟೆಂಟ್, ಉಳಿದವರಿಗೆ ದಿನವೂ ಸೈಕಲ್ ತುಳಿಯುವ ವ್ಯಾಯಾಮ. ವರ್ಷದ ಕೊನೆಗೆ ಯಾವ ತೊಂದರೆಯೂ ಆಗದೆ ಉಳಿದವರು ಸ್ಟೆಂಟ್ ಗುಂಪಿನಲ್ಲಿ 70%, ವ್ಯಾಯಾಮದ ಗುಂಪಿನಲ್ಲಿ 88%. ಖರ್ಚೂ ಕಡಿಮೆ. ಸೊಗಸಾದ ಪ್ರಯೋಗವೇ. ಆದರೆ ಚಿಕ್ಕದು, ಗಂಡಸರದ್ದು ಮಾತ್ರ, ಸ್ಟೆಂಟುಗಳು ಇನ್ನೂ ಈಗಿನಷ್ಟು ಸುಧಾರಿಸದ ಕಾಲದ್ದು. ಹೃದಯಾಘಾತ ಆಗುತ್ತಿರುವ ಹೊತ್ತಿಗೆ ಇದನ್ನು ಅನ್ವಯಿಸುವಂತೆಯೇ ಇಲ್ಲ. ಆ ಹೊತ್ತಿನಲ್ಲಿ ಮುಚ್ಚಿದ ರಕ್ತನಾಳ ತೆರೆಯುವುದೇ ಜೀವ ಉಳಿಸುವುದು.

ಐಸಿಯುವಿನ ವಿಷಯದಲ್ಲೂ ಉತ್ಸಾಹ ಪುರಾವೆಯನ್ನು ದಾಟಿ ಓಡಿತು. 2009ರ ಒಂದು ಚಿಕ್ಕ ಪ್ರಯೋಗದಲ್ಲಿ ವೆಂಟಿಲೇಟರ್ ಮೇಲಿದ್ದವರನ್ನು ಬೇಗ ಎಬ್ಬಿಸಿ ಕೂರಿಸಿದ್ದರಿಂದ ಲಾಭ ಕಂಡಿತು. ಹಾಗಾದರೆ ಇನ್ನೂ ಬೇಗ, ಇನ್ನೂ ಹೆಚ್ಚು ಎಂದರು. 2022ರಲ್ಲಿ 750 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಆ ಹೆಚ್ಚಿನ ಶ್ರಮದಿಂದ ಹೆಚ್ಚಿನ ಲಾಭ ಸಿಗಲಿಲ್ಲ, ತೊಂದರೆಗಳು ಮಾತ್ರ ಹೆಚ್ಚಿದವು. ಕೋವಿಡ್ ನಂತರ ಕೆಲವರಲ್ಲಿ ಕಾಣಿಸಿಕೊಂಡ ಆಯಾಸವೂ ಬೇರೆ ಜಾತಿಯದು: ಇವತ್ತು ತುಸು ಶ್ರಮಪಟ್ಟರೆ ನಾಳೆ, ನಾಳಿದ್ದು ಹಾಸಿಗೆ ಹಿಡಿಸುವಂಥದ್ದು. ಅಂಥವರಿಗೆ ‘ದಿನಾ ಸ್ವಲ್ಪ ಏರಿಸಿ’ ಎನ್ನುವ ಸೂತ್ರ ಹಾನಿಯನ್ನೇ ಮಾಡೀತು. ಹೃದಯದ ಸ್ನಾಯುವಿನ ಉರಿಯೂತವಾದವರಿಗೆ ತಿಂಗಳುಗಟ್ಟಲೆ ಕಠಿಣ ಶ್ರಮ ನಿಷಿದ್ಧ. ಪುನಶ್ಚೇತನಕ್ಕೆ ಅಡ್ಡಪರಿಣಾಮ ಇದೆ ಎಂದು ಮೊದಲೇ ಅಂದದ್ದು ಇದಕ್ಕೇ. ಸಲಹೆಯಿಂದ ಯಾರಿಗೂ ಹಾನಿಯಾಗದು ಎಂಬ ನಂಬಿಕೆಯಲ್ಲಿ ಅದನ್ನು ಎಲ್ಲರಿಗೂ ಒಂದೇ ತೆರನಾಗಿ ಹಂಚುತ್ತೇವೆ.

ಯೋಗದ ವಿಷಯ ನಮ್ಮಲ್ಲಿ ಸೂಕ್ಷ್ಮ, ಆದರೂ ಹೇಳಲೇಬೇಕು. ಭಾರತದ 24 ಕೇಂದ್ರಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ನಡೆದ ಯೋಗ-ಕೇರ್ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಇಷ್ಟು ದೊಡ್ಡ ಪ್ರಯೋಗವನ್ನು ನಮ್ಮವರು ನಡೆಸಿದ್ದೇ ಹೆಮ್ಮೆಯ ಸಂಗತಿ. ಯೋಗದ ಗುಂಪಿನವರು ತಮ್ಮ ಆರೋಗ್ಯ ಉತ್ತಮವೆಂದರು, ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಮಟ್ಟಿಗೆ ಮರಳಿದರು. ಸಾವು, ಮರು ಆಘಾತ, ಪಾರ್ಶ್ವವಾಯುಗಳಂಥ ಘಟನೆಗಳಲ್ಲಿ ಮಾತ್ರ ಖಚಿತ ವ್ಯತ್ಯಾಸ ಸಿಗಲಿಲ್ಲ. ಇದನ್ನು ‘ಯೋಗ ಹೃದಯಾಘಾತ ತಡೆಯುತ್ತದೆ’ ಎಂದು ಮೆರೆಸಿದವರೂ, ‘ಯೋಗ ವಿಫಲ’ ಎಂದು ನಕ್ಕವರೂ ಪ್ರಯೋಗವನ್ನು ಸರಿಯಾಗಿ ಓದಿಲ್ಲ. ಅಲ್ಲಿ ಯೋಗಕ್ಕೆ ಎದುರಾಗಿ ನಿಂತದ್ದು ಕೆಲವು ತಿಳಿವಳಿಕೆಯ ಪಾಠಗಳು. ಅಳತೆಯ ವ್ಯಾಯಾಮದ ಪುನಶ್ಚೇತನವನ್ನು ಎದುರು ನಿಲ್ಲಿಸಿರಲಿಲ್ಲ. ಆದ್ದರಿಂದ ಒಂದು ಇನ್ನೊಂದಕ್ಕೆ ಸಮ ಎಂಬ ತೀರ್ಪು ಅದರಿಂದ ಹುಟ್ಟುವುದಿಲ್ಲ. ಇಷ್ಟು ಮಾತ್ರ ಗಮನಿಸಿ: ಅದು ಕಲಿಸುವವರಿದ್ದ, ಹನ್ನೆರಡು ವಾರದ, ಕ್ರಮಬದ್ಧ ಕಾರ್ಯಕ್ರಮ. ಪುಸ್ತಕ ಕೊಟ್ಟು ಮನೆಗೆ ಕಳಿಸಿದ್ದಲ್ಲ.

ಹಾಗಾದರೆ ಸಾವನ್ನು ಮುಂದೂಡದ ಚಿಕಿತ್ಸೆ ಯಾಕೆ ಬೇಕು? ಬದುಕಿರುವಷ್ಟು ಕಾಲ ಬೇಕು. ಸಿಒಪಿಡಿಗೆ ಸಂಬಂಧಿಸಿದ 65 ಪ್ರಯೋಗಗಳು, 3,822 ರೋಗಿಗಳು. ಇವನ್ನು ಕೂಡಿಸಿ ನೋಡಿದ 2015ರ ಕೊಕ್ರೇನ್ ಸಮೀಕ್ಷೆಯಲ್ಲಿ ದಮ್ಮು, ದಣಿವು, ಬದುಕಿನ ಮೇಲಿನ ಹಿಡಿತ ಎಲ್ಲದರಲ್ಲೂ ಸುಧಾರಣೆ ಎಷ್ಟು ನಿಚ್ಚಳವಾಗಿತ್ತೆಂದರೆ, ಪುನಶ್ಚೇತನ ಬೇಕೋ ಬೇಡವೋ ಎಂಬ ಪ್ರಯೋಗ ಇನ್ನು ಸಾಕು ಎಂದೇ ಅಲ್ಲಿನ ಸಂಪಾದಕರು ಬರೆದರು. ವೈದ್ಯಶಾಸ್ತ್ರದಲ್ಲಿ ಅಂಥ ಮಾತು ಅಪರೂಪ. ನೆಲದಿಂದ ಕೈ ಊರದೆ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಮೊಮ್ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುವುದು, ಇವುಗಳಿಗೆ ಇಸಿಜಿಯಲ್ಲಿ ಗೆರೆ ಮೂಡುವುದಿಲ್ಲ. ಹೃದ್ರೋಗ ತಜ್ಞರಿಗೆ ಇವು ಮೃದು ಅಂಶಗಳು. ರೋಗಿಗೆ ಉಳಿದದ್ದೇ ಇವು.

ಮನೆಯೊಳಗಿನ ರಾಜಕಾರಣವನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು. ಹೃದಯಾಘಾತವಾದ ಗಂಡಸನ್ನು ನಮ್ಮ ಮನೆಗಳು ಬಿಂದಿಗೆ ಎತ್ತಲೂ ಬಿಡುವುದಿಲ್ಲ, ಕೂತಲ್ಲಿಗೇ ತಟ್ಟೆ ಬರುತ್ತದೆ. ಅದೇ ಕಾಯಿಲೆ ಆದ ಹೆಂಗಸು ಹದಿನೈದು ದಿನಕ್ಕೆ ಅಡುಗೆಮನೆಯಲ್ಲಿರುತ್ತಾಳೆ. ‘ಅಮ್ಮ ಮನೆಯಲ್ಲೇ ಓಡಾಡಿಕೊಂಡಿರ್ತಾರೆ, ಅದೇ ಎಕ್ಸರ್‌ಸೈಜ್’ ಎಂದು ಮಗ ವೈದ್ಯರಿಗೆ ಹೇಳುತ್ತಾನೆ, ವೈದ್ಯರು ತಲೆಯಾಡಿಸುತ್ತಾರೆ. ಇಬ್ಬರಿಗೂ ಅನ್ಯಾಯವೇ. ಆತನಿಗೆ ಕೊನೆಯಿಲ್ಲದ ವಿಶ್ರಾಂತಿ, ಆಕೆಗೆ ಅಳತೆಯಿಲ್ಲದ ದುಡಿಮೆ. ನಿಂತು ಮಾಡುವ ಮನೆಗೆಲಸ ದಣಿಸುತ್ತದೆ. ಅದು ಕ್ರಮೇಣ ಏರುವುದಿಲ್ಲ, ಬೇಕಾದಾಗ ನಿಲ್ಲಿಸುವಂತೆಯೂ ಇಲ್ಲ, ಹಾಗಾಗಿ ತರಬೇತಿಯ ಗುಣ ಅದಕ್ಕಿಲ್ಲ. ಜಗತ್ತಿನ ಪುನಶ್ಚೇತನ ಪ್ರಯೋಗಗಳಲ್ಲಿ ಹೆಂಗಸರು ಕಡಿಮೆ, ಕಾರ್ಯಕ್ರಮಗಳಿಗೆ ಅವರನ್ನು ಕಳಿಸುವುದು ಇನ್ನೂ ಕಡಿಮೆ. ನಮ್ಮಲ್ಲಿ ಇದಕ್ಕೆ ಒಂದು ವಾಕ್ಯದ ಸಮರ್ಥನೆಯೂ ಸಿದ್ಧವಿದೆ, ಮೇಲೆ ಹೇಳಿದ ಮಗನ ವಾಕ್ಯ.

ಕೊನೆಗೆ ಉಳಿಯುವ ಆಕ್ಷೇಪ ಹಣದ್ದು, ಯಂತ್ರದ್ದು. ಅಷ್ಟು ದೊಡ್ಡ ವ್ಯವಸ್ಥೆ ನಮ್ಮಂಥ ಬಡ ದೇಶಕ್ಕೆ ಎಲ್ಲಿಂದ ಎನ್ನುತ್ತಾರೆ. ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಕಟ್ಟುವಾಗ ಈ ಪ್ರಶ್ನೆ ಇಷ್ಟು ಜೋರಾಗಿ ಕೇಳುವುದಿಲ್ಲ. ಇರಲಿ, ಉತ್ತರ ಹೇಳೋಣ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಿಒಪಿಡಿಯ 166 ರೋಗಿಗಳಲ್ಲಿ ಒಂದು ಗುಂಪಿನವರು ಆಸ್ಪತ್ರೆಗೆ ಬಂದು ಎಂಟು ವಾರ ತರಬೇತಿ ಪಡೆದರು. ಇನ್ನೊಂದು ಗುಂಪಿಗೆ ಸಿಕ್ಕಿದ್ದು ಮನೆಗೆ ಫಿಸಿಯೋಥೆರಪಿಸ್ಟ್‌ನ ಒಂದೇ ಭೇಟಿ, ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ. ತರಬೇತಿ ಮುಗಿದಾಗ ಮನೆಯಲ್ಲೇ ಮಾಡಿದವರು ಆಸ್ಪತ್ರೆಗೆ ಬಂದವರಿಗಿಂತ ಹಿಂದೆ ಬಿದ್ದಿರಲಿಲ್ಲ. ನಡಿಗೆಗೆ ರಸ್ತೆ, ತೂಕಕ್ಕೆ ನೀರಿನ ಬಾಟಲಿ, ಎದ್ದು ಕೂರಲು ಒಂದು ಕುರ್ಚಿ. ಯಂತ್ರ ಬೇಕಾಗಲಿಲ್ಲ. ಬೇಕಾದದ್ದು ಮೊದಲ ದಿನ ಅಳೆದು ಕೊಡುವ ಒಬ್ಬರು, ಪ್ರತಿ ವಾರ ‘ಈ ವಾರ ಎಷ್ಟಾಯಿತು, ಎಲ್ಲಿ ನಿಂತಿರಿ’ ಎಂದು ಕೇಳುವ ಒಂದು ದನಿ.

ಕರ್ನಾಟಕದಲ್ಲಿ ಇದು ಅಸಾಧ್ಯವೆನ್ನಲು ಕಾರಣವಿಲ್ಲ. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಮೊದಲ ಗಂಟೆಗಾಗಿ ಕಟ್ಟಿದ ಈ ಜಾಲದಲ್ಲಿ ಮುಂದಿನ ಮೂರು ತಿಂಗಳನ್ನೂ ಪೋಣಿಸಲು ಬೇಕಾದದ್ದು ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್, 30 ಮೀಟರ್ ಕಾರಿಡಾರ್, ಒಂದು ಫೋನು. 2017ರಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದು ಒಳ್ಳೆಯ ಕೆಲಸವೇ. ಸ್ಟೆಂಟಿಗೆ ಬೆಲೆ ಇತ್ತು, ಬಿಲ್ಲಿನಲ್ಲಿ ಅದಕ್ಕೊಂದು ಸಾಲು ಇತ್ತು, ಆದ್ದರಿಂದ ಅದರ ಬಗ್ಗೆ ಜಗಳ ಸಾಧ್ಯವಾಯಿತು. ಹನ್ನೆರಡು ವಾರದ ಪುನಶ್ಚೇತನಕ್ಕೆ ಎಷ್ಟೋ ಆಸ್ಪತ್ರೆಗಳ ದರಪಟ್ಟಿಯಲ್ಲಿ ಸಾಲೇ ಇಲ್ಲ. ದುಬಾರಿ ಎನ್ನುವವರು ಮೊದಲು ಆ ಸಾಲು ಬರೆಯಲಿ, ಎದುರಿಗೆ ಒಂದು ಮೊತ್ತ ಹಾಕಲಿ. ಮೊತ್ತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಜಗಳಕ್ಕೆ ಆಮೇಲೆ ಕೂರೋಣ.